ಮುತ್ತಾತನ ಕೈಯಲ್ಲಿ ಡಿಜಿಟಲ್ ವಾಚ್

ಸ್ನೇಹಿತರೇ, ಬೆಳಿಗ್ಗೆಯಿಂದ ನನ್ನ ತಲೆ ಓಡುತ್ತಿಲ್ಲ. ವಂಶವೃಕ್ಷ ಬರೆಯುತ್ತಿದ್ದೇನಲ್ಲ, ಅದಕ್ಕೆಂದು ನಡುಮನೆಯ ಗೋಡೆಯಿಂದ ಮುತ್ತಾತನ ಫೋಟೊ ಇಳಿಸಿ, ಸ್ಕ್ಯಾನ್ ಮಾಡಲು ಗಂಧದ ಹಾರ ತೆಗೆದೆ. ಇಷ್ಟು ವರ್ಷ ಹಾರದಡಿ ಮುಚ್ಚಿಹೋಗಿದ್ದ ಮಣಿಕಟ್ಟಿನಲ್ಲಿ ಡಿಜಿಟಲ್ ವಾಚ್. ಮುತ್ತಾತ ತೀರಿಕೊಂಡದ್ದು ನನ್ನ ಅಪ್ಪ ಹುಟ್ಟುವ ಮೊದಲು. ಆಗ ಅಂಥ ವಾಚ್ ಯಾವ ದೇಶದಲ್ಲೂ ಇರಲಿಲ್ಲ.

ಫೋಟೊ ಹಿಡಿದು ಹುಣಸೂರಿನಿಂದ ಬೆಟ್ಟದಪುರಕ್ಕೆ, ಚಿಕ್ಕತಾತನ ಬಳಿಗೆ ಓಡಿದೆ. ಮುತ್ತಾತನ ಮಕ್ಕಳಲ್ಲಿ ಈಗ ಉಳಿದಿರುವವರು ಅವರೊಬ್ಬರೇ. ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದವರು ವಾಚ್ ನೋಡಿ ನಕ್ಕರು.

“ಅದು ನಾನೇ ಕಣಪ್ಪ. ನಮ್ಮಪ್ಪಂದು ಒಂದ್ ಪಟಾನೂ ಇರ್ನಿಲ್ಲ. ಮಾರ್ನಮೀಲಿ ಸತ್ತ ಹಿರೀಕ್ರಿಗೆ ಎಡೆ ಇಕ್ಕಕ್ಕೆ ಪಟ ಬೇಕೇ ಬೇಕು ಅಂತ ನಿಮ್ ತಾತ ಅಟ ಹಿಡ್ದ. ಅಪ್ಪನ್ ಮಕ ನಂಗೇ ಬಂದಿತ್ತಲ್ಲ, ಸ್ಟುಡಿಯೋಲಿ ಪೇಟ ಸುತ್ತಿ, ಮೀಸೆಗೆ ಪೌಡ್ರು ಬಳ್ದು ಕೂರ್ಸುದ್ರು. ವಾಚ್ ಬಿಚ್ಚೋದ್ ಮರ್ತೋಯ್ತು.”

ಪ್ರತಿ ಮಾರ್ನಮಿಗೂ ನಮ್ಮ ಮನೆಗೆ ಬಂದು ಆ ಫೋಟೊಗೆ ಮೊದಲು ಧೂಪ ಹಾಕುವವರು ಇವರೇ.

“ಅಂದ್ರೆ ತಾತ, ನಿಮಗೆ ನೀವೇ ಎಡೆ ಇಡ್ತಿದ್ರಾ?”

“ಕಣ್ ಮುಚ್ಕಂಡು ಅಪ್ಪನ್ನೇ ನೆನಸ್ಕತೀನಿ ಬುಡು. ನಾನ್ ಸತ್ಮೇಲೂ ಬ್ಯಾರೆ ಪಟ ಮಾಡುಸ್ಬ್ಯಾಡಿ, ಇದೇ ಸಾಕು.”

ಮನೆಗೆ ತಂದು ಅದೇ ಮೊಳೆಗೆ ನೇತುಹಾಕಿದ್ದೇನೆ. ಬದುಕಿರುವವರಿಗೆ ಹಾರ ಹಾಕಲು ಕೈ ಬರುತ್ತಿಲ್ಲ. ಹಾಕದಿದ್ದರೆ ವಾಚ್ ಕಾಣುತ್ತದೆ.