ಕೆಪಾಸಿಟರಿನ ಮುಕ್ತಿ

ಕಾಶಿಯ ಬಂಗಾಲಿ ಟೋಲಾ ಓಣಿಯ ನಮ್ಮ ಲಾಡ್ಜಿನಲ್ಲಿ ಪಂಪು ಗುಂಯ್‌ಗುಡುತ್ತಿತ್ತು, ನೀರು ಮಾತ್ರ ಮೇಲೇರುತ್ತಿರಲಿಲ್ಲ. ಮೂರನೇ ಮಹಡಿಯ ಕಮಲಮ್ಮ ಹಾಸನದ ಕಡೆಯವರು, ಕಾಶಿಯಲ್ಲೇ ಪ್ರಾಣ ಬಿಡಬೇಕೆಂದು ಬಂದು ನೆಲೆಸಿದವರು. ಕೊಡ ಹೊತ್ತು ಹತ್ತಿ ಸುಸ್ತಾಗಿ, "ಮುಕ್ತಿ ಬೇಕು ಅಂದಿದ್ದೆ ಕಣಪ್ಪ, ಮೆಟ್ಟಿಲ ಮೇಲೇ ಬೇಕು ಅಂದಿರಲಿಲ್ಲ" ಎಂದರು. ಲಾಡ್ಜಿನವನು "ಮಿಸ್ತ್ರಿ ಕಲ್ ಆಯೇಗಾ", ರಿಪೇರಿಯವನು ನಾಳೆ ಬರ್ತಾನೆ, ಎನ್ನುತ್ತಲೇ ಇದ್ದ. ನಾನೇ ಸ್ಕ್ರೂಡ್ರೈವರ್ ಹಿಡಿದು ಇಳಿದೆ.

ಮೇನ್ ಸ್ವಿಚ್ ಆರಿಸಿ, ಧೈರ್ಯವಾಗಿ ಪಂಪಿನ ಕೆಪಾಸಿಟರ್ ಮುಟ್ಟಿದೆ. ಅದು ನನ್ನನ್ನು ಗೋಡೆಗೆ ಒರಗಿಸಿತು.

"ಕರೆಂಟು ತೆಗೆದ ಮೇಲೂ ಹೊಡೀತಾ?" ಎಂದರು ಹಿಂದೆಯೇ ಇಳಿದು ಬಂದಿದ್ದ ಕಮಲಮ್ಮ.

"ಇದು ಪುಟ್ಟ ತೊಟ್ಟಿ ಇದ್ದಂತೆ ಅಮ್ಮ. ಕ್ಷಣದಲ್ಲಿ ಕರೆಂಟು ತುಂಬಿಕೊಂಡು ಹಾಗೇ ಇಟ್ಕೊಂಡಿರುತ್ತೆ. ದಾರಿ ಸಿಕ್ಕರೆ ಕ್ಷಣದಲ್ಲಿ ಖಾಲಿ."

ಸ್ಕ್ರೂಡ್ರೈವರನ್ನು ಅದರ ಎರಡು ತುದಿಗಳಿಗೆ ಅಡ್ಡ ಇಟ್ಟೆ. ಟಪ್ ಎಂದು ಕಿಡಿ ಹಾರಿತು.

ಕಮಲಮ್ಮ ಕೈಮುಗಿದರು. ಮಣಿಕರ್ಣಿಕೆಯಲ್ಲಿ ಚಿತೆಯ ಮೇಲಿನ ತಲೆಬುರುಡೆಯನ್ನು ಬಿದಿರಿನಿಂದ ಒಡೆದು ಪ್ರಾಣಕ್ಕೆ ದಾರಿ ಮಾಡಿಕೊಡುವುದನ್ನು ಅವರು ನೋಡಿದ್ದರು.

"ಪೂರ್ತಿ ಹೋಯ್ತಾ?"

ನಾನು ಸುಮ್ಮನಿರಬಹುದಿತ್ತು. "ಬಹುಪಾಲು. ಸ್ವಲ್ಪ ಹೊತ್ತು ಬಿಟ್ಟರೆ ತಾನಾಗಿ ಒಂಚೂರು ಮತ್ತೆ ಹುಟ್ಟುತ್ತೆ" ಎಂದೆ.

ಅವರು ಮುಗಿದ ಕೈ ಇಳಿಸಿದರು. "ಕಾಶೀಲೂ ಮತ್ತೆ ಹುಟ್ಟುತ್ತಾ? ಇನ್ನೊಂದ್ಸಲ ಮಾಡು."

ಮಾಡಿದೆ. ಹೊಸ ಕೆಪಾಸಿಟರ್ ಹಾಕಿದ ಮೇಲೆ ನೀರೂ ಏರಿತು. ಆದರೆ ಹಳೆಯದರ ಎರಡು ತುದಿಗಳನ್ನು ಸೇರಿಸಿ ತಂತಿ ಕಟ್ಟಿ, ಇನ್ನಿದು ಹುಟ್ಟುವುದಿಲ್ಲ ಎಂದು ನಾನು ಮಾತು ಕೊಟ್ಟ ಮೇಲೆಯೇ ಅವರು ನಲ್ಲಿ ತಿರುಗಿಸಿದ್ದು.

ಈಗ ಎದುರು ಸಿಕ್ಕಾಗಲೆಲ್ಲ ಕೇಳುತ್ತಾರೆ: "ಅಂಥ ತಂತಿ ಮನುಷ್ಯರಿಗೂ ಸಿಗುತ್ತೇನಪ್ಪ?"

ಹಾರ್ಡ್‌ವೇರ್ ಅಂಗಡಿಯಲ್ಲಿ ವಿಚಾರಿಸುತ್ತೇನೆ ಎಂದಿದ್ದೇನೆ.