ಸೂಜಿಯ ಮೊನೆ ಸಿಕ್ಕ ಜಾಗ

ಚೈತ್ರಾ, ನಂದೀಶ, ಅಂಗಡಿಯಲ್ಲಿ ನಾನು ಬಟ್ಟೆಯನ್ನು ಮಗುಚಿ ಹೊಲಿಗೆ ನೋಡುವಾಗ ನೀವು ನಗುತ್ತೀರಲ್ಲ, ಅದರ ಹಿಂದೆ ಒಂದು ವಿಷಯವಿದೆ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ, ಬರೆಯುತ್ತೇನೆ.

ಅದು ಕೊರೋನಾ ಬರುವುದಕ್ಕೆ ಹಿಂದಿನ ವರ್ಷ. ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಬಿಳೇಕಹಳ್ಳಿ ಹತ್ತಿರದ ಒಂದು ಗಾರ್ಮೆಂಟ್ಸ್‌ನಲ್ಲಿ ಚೆಕ್ಕರ್ ಆಗಿದ್ದೆ. ಸಾಲಾಗಿ ಕೂತ ಟೈಲರ್‌ಗಳು ಹೊಲಿದ ಬಟ್ಟೆ ಆ ಲೈನಿನ ಕೊನೆಯಲ್ಲಿದ್ದ ನನ್ನ ಮೇಜಿಗೆ ಬರುತ್ತಿತ್ತು. ಹೊಲಿಗೆ ಬಿಟ್ಟಿದೆಯೇ, ಕಲೆಯಿದೆಯೇ ಎಂದು ನೋಡಿ ಪಾಸ್ ಇಲ್ಲವೇ ರಿಜೆಕ್ಟ್ ಮಾಡುವುದು ನನ್ನ ಕೆಲಸ. ಆಗ ಹೊಲಿಯುತ್ತಿದ್ದದ್ದು ವಿದೇಶದ ಕೂಸುಗಳಿಗೆ ಬಿಳಿ ಫ್ರಾಕು.

ಕೂಸಿನ ಬಟ್ಟೆಗೆ ಒಂದು ನಿಯಮವಿತ್ತು. ಸೂಜಿ ಮುರಿದರೆ ಎಲ್ಲ ಚೂರುಗಳನ್ನೂ ಹುಡುಕಿ, ಜೋಡಿಸಿ ತೋರಿಸಬೇಕು. ಆಗ ಮಾತ್ರ ಹೊಸ ಸೂಜಿ ಕೊಡುತ್ತಿದ್ದರು. ಒಂದು ಚೂರು ಕಾಣೆಯಾದರೂ ಲೈನ್ ನಿಲ್ಲುತ್ತಿತ್ತು. ಬಟ್ಟೆಯೊಳಗೆ ಉಳಿದರೆ ಮಗುವಿಗೆ ಚುಚ್ಚುತ್ತದಲ್ಲ. ಒಳ್ಳೆಯ ನಿಯಮವೇ.

ಆ ದಿನ ರತ್ನಳ ಸೂಜಿ ಮುರಿಯಿತು. ಅವಳು ಸುದ್ದಗುಂಟೆಪಾಳ್ಯದಿಂದ ಬರುತ್ತಿದ್ದ ಹೊಸ ಟೈಲರ್, ಕೆಲಸ ಕಾಯಂ ಆಗಲೆಂದು ಕಾಯುತ್ತಿದ್ದವಳು. ಸೂಜಿಯ ಮೊನೆ ಸಿಗಲಿಲ್ಲ. ಸೂಪರ್‌ವೈಸರ್ ಶಂಕರಪ್ಪನವರು ಲೈನ್ ನಿಲ್ಲಿಸಿದರು.

"ಮೊನೆ ಎಲ್ಲಿ ಹೋಯ್ತಮ್ಮಾ? ನುಂಗ್ಬಿಟ್ಯಾ? ಇವತ್ತು ಲೋಡ್ ಹೋಗ್ಲಿಲ್ಲ ಅಂದ್ರೆ ನಾಳೆ ಗೇಟ್ ಹತ್ರ ಬರ್ಬೇಡ."

"ಹುಡುಕ್ತಾ ಇದೀನಿ ಸಾರ್," ಎಂದಳು ರತ್ನ. ಒಂದು ಕೈಯನ್ನು ದುಪಟ್ಟದಲ್ಲಿ ಸುತ್ತಿಕೊಂಡಿದ್ದಳು.

"ನಿನ್ನಿಂದ ನಮ್ ಟಾರ್ಗೆಟ್ಟೂ ಹಾಳಾಯ್ತಲ್ಲೇ," ಎಂದು ಪಕ್ಕದವಳು ಗೊಣಗಿದಳು.

ನೆಲದ ಮೇಲೆ ಮ್ಯಾಗ್ನೆಟ್ ಎಳೆದೆವು. ಲೋಹ ಪತ್ತೆ ಮಾಡುವ ಮೆಷಿನ್ನಿನ ಬೆಲ್ಟಿನ ಮೇಲೆ ಫ್ರಾಕುಗಳನ್ನು ಒಂದೊಂದಾಗಿ ಬಿಟ್ಟರು. ಮೆಷಿನ್ ಕೂಗಲಿಲ್ಲ. ಅಷ್ಟರಲ್ಲಿ ನನ್ನ ಮೇಜಿನ ಮೇಲಿದ್ದ, ರತ್ನ ಹೊಲಿದ ಫ್ರಾಕಿನ ಕುತ್ತಿಗೆಯಲ್ಲಿ ಒಂದು ಕೆಂಪು ಚುಕ್ಕೆ ಕಂಡಿತು.

"ಸಾರ್, ಇದು ರಕ್ತ. ಅವಳ ಬೆರಳು ನೋಡಿ," ಎಂದೆ. ಅಷ್ಟು ಜನರ ಮುಂದೆ ನಾನು ಮಾತಾಡಿದ್ದು ಅದೇ ಮೊದಲು.

"ಏನಿಲ್ಲ ಸಾರ್, ಬರೀ ಚುಚ್ಚಿದೆ," ಎಂದು ರತ್ನ ಕೈ ಹಿಂದಕ್ಕೆಳೆದುಕೊಂಡಳು. ಆಸ್ಪತ್ರೆಗೆ ಹೋದರೆ ರಜೆಯಾಗುತ್ತದೆ, ಕಾಯಂ ಆಗುವುದು ತಪ್ಪುತ್ತದೆ ಎಂಬ ಹೆದರಿಕೆ ಅವಳಿಗೆ.

ಶಂಕರಪ್ಪನವರು ಅವಳನ್ನು ಮೆಷಿನ್ನಿನ ಹತ್ತಿರ ಎಳೆದೊಯ್ದು, ಬಳೆ ತೆಗೆಸಿ, ಕೈಯನ್ನು ಆ ಬೆಲ್ಟಿನ ಮೇಲೆ ಒತ್ತಿ ಹಿಡಿದರು. ಮೆಷಿನ್ ಕೂಗಿತು.

"ಸಿಕ್ತು ನೋಡ್ರೋ!" ಎಂದು ನಕ್ಕರು. "ಬಟ್ಟೆ ಎಲ್ಲಾ ಕ್ಲೀನು. ಲೈನ್ ಶುರು ಮಾಡಿ."

ಕೆಲವರು ಚಪ್ಪಾಳೆ ತಟ್ಟಿದರು. ಆಸ್ಪತ್ರೆಗೆ ಹೊರಟ ರತ್ನಳನ್ನು ಶಂಕರಪ್ಪನವರು ಬಾಗಿಲಲ್ಲಿ ತಡೆದರು. "ಡಾಕ್ಟ್ರು ತೆಗೆದ್ಮೇಲೆ ಎಸೆದ್ಬಿಟ್ಟೀಯ. ಮೊನೆ ತಂದ್ರೇನೇ ಹೊಸ ಸೂಜಿ."

ಮರುದಿನ ರತ್ನ ಬೆರಳಿಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದು, ಹತ್ತಿಯಲ್ಲಿಟ್ಟಿದ್ದ ಮೊನೆ ಕೊಟ್ಟಳು. ಶಂಕರಪ್ಪನವರು ಅದನ್ನು ಉಳಿದ ಚೂರಿಗೆ ಜೋಡಿಸಿ ನೋಡಿ, "ಕರೆಕ್ಟಾಗಿದೆ," ಎಂದರು. ಆದರೆ ಹೊಸ ಸೂಜಿಯನ್ನು ಅವಳ ಜಾಗದಲ್ಲಿ ಆಗಲೇ ಕೂತಿದ್ದ ಹುಡುಗಿಗೆ ಕೊಟ್ಟರು.

"ಆ ಕೈಲಿ ಟಾರ್ಗೆಟ್ ಆಗಲ್ಲ. ಮನೆಗ್ ಹೋಗಮ್ಮ."

ಮಧ್ಯಾಹ್ನ ಆ ಚುಕ್ಕೆಯ ಫ್ರಾಕು ಒಗೆದು ಇಸ್ತ್ರಿಯಾಗಿ ಮತ್ತೆ ನನ್ನ ಮೇಜಿಗೆ ಬಂತು. ಕಲೆ ಇರಲಿಲ್ಲ. ಪಾಸ್ ಮಾಡಿದೆ.

ಆ ಕೆಲಸದಲ್ಲಿ ನಾನು ಕಲಿತದ್ದು ಇಷ್ಟೇ. ದೋಷವಿಲ್ಲದ ಬಟ್ಟೆ ಎಂದರೆ ಬಟ್ಟೆಗೆ ಏನೂ ಆಗಿಲ್ಲ ಎಂದರ್ಥ. ಹೊಲಿದವರಿಗೆ ಏನಾಯಿತೆಂದು ಅದನ್ನು ಮಗುಚಿ ನೋಡಿದರೂ ತಿಳಿಯುವುದಿಲ್ಲ. ಆದರೂ ನಾನು ನೋಡುತ್ತೇನೆ.

ಈ ಹಾಳೆಗಳನ್ನು ಜೋಪಾನವಾಗಿಡಿ, ಮಕ್ಕಳೇ. ರತ್ನಳಿಗೆ ಹೀಗಾಯಿತೆಂದು ಬೇರೆ ಯಾರೂ ಎಲ್ಲೂ ಬರೆದಿಟ್ಟಿಲ್ಲ.