ಕೆಂಪು ಬಿಲ್ಲೆ, ನಲವತ್ತೊಂದು ಹಗ್ಗ

ಬೆಳಗಿನ ಐದೂವರೆ. ಸಾಲೋಟಗಿಯ ಹೊರಗೆ, ಲಿಂಬೆ ತೋಟದ ನಡುವಿನ ಕೃಷಿ ಹೊಂಡದ ಏರಿಯ ಮೇಲೆ ಒಬ್ಬ ಹೆಣ್ಣುಮಗಳು ಬೋರಲು ಮಲಗಿದ್ದಾರೆ. ತಲೆ ನೀರಿನ ಕಡೆ, ಕಾಲು ಹೊಲದ ಕಡೆ. ಗೊತ್ತಿಲ್ಲದವರು ಕಂಡರೆ ಎದೆ ಧಸಕ್ಕೆನ್ನಬೇಕು. ಗೊತ್ತಿದ್ದವರು "ಯಶೋಧಾ ಹಗ್ಗ ನೋಡಾಕತ್ತಾಳ" ಎಂದು ತಮ್ಮ ಪಾಡಿಗೆ ತಾವು ಹೋಗುತ್ತಾರೆ.

ಹೊಂಡದೊಳಕ್ಕೆ ಇಳಿಬಿಟ್ಟ ನೈಲಾನ್ ಹಗ್ಗದ ಗಂಟುಗಳನ್ನು ಯಶೋಧಾ ಒಂದೊಂದಾಗಿ ಹಿಚುಕಿ ನೋಡುತ್ತಾರೆ. ಆಮೇಲೆ ಎದ್ದು, ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿ, ಮೈಭಾರವನ್ನೆಲ್ಲ ಬಿಟ್ಟು ಜಗ್ಗುತ್ತಾರೆ. ಏರಿಗೆ ಬಡಿದ ಕಬ್ಬಿಣದ ಗೂಟ ಮಿಸುಕುವುದಿಲ್ಲ. "ಗಟ್ಟಿ ಐತ್ರಿ. ಬಿಸಲಿಗೆ ಹಗ್ಗ ಒಳಗಿಂದೊಳಗ ಸಾಯ್ತಾವು. ನೋಡಾಕ ಛಲೋ ಕಾಣ್ತಾವು, ಜಗ್ಗಿದ್ರ ಹಿಟ್ಟ ಉದರಿದಂಗ ಉದರತಾವು," ಎನ್ನುತ್ತ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾರೆ.

ಇಂಥ ಹೊಂಡ ಕಾಣದವರಿಗೆ ಒಂದು ಮಾತು ಹೇಳಬೇಕು. ಒಂದು ಮನೆ ಮುಳುಗುವಷ್ಟು ಆಳದ ಗುಂಡಿ, ನೀರು ಇಂಗದಂತೆ ತಳದಿಂದ ಏರಿಯವರೆಗೆ ಕರಿ ಪ್ಲಾಸ್ಟಿಕ್ ಹಾಸು, ನಾಲ್ಕೂ ಕಡೆ ಇಳಿಜಾರು, ಅದರ ಮೇಲೆ ಪಾಚಿ. ಇಳಿಯಲು ಏನೂ ಕಷ್ಟವಿಲ್ಲ. ಹತ್ತುವುದು ಈಜು ಬಲ್ಲ ಗಂಡಾಳಿಗೂ ಆಗದು. ಕೈ ಊರಿದರೂ ಜಾರುತ್ತದೆ, ಕಾಲು ಊರಿದರೂ ಜಾರುತ್ತದೆ. ಸುತ್ತ ಬೇಲಿ ಹಾಕಬೇಕು ಅನ್ನುತ್ತಾರೆ, ಹಾಕಿದವರನ್ನು ಮಾತ್ರ ದುರ್ಬೀನು ಹಿಡಿದು ಹುಡುಕಬೇಕು.

ಐವತ್ತರ ಹತ್ತಿರದ ಯಶೋಧಾ ಲಿಂಬೆಕಾಯಿ ಕೀಳುವ ಕೂಲಿ. ಮುಂಗೈ ತುಂಬ ಮುಳ್ಳಿನ ಗೀರು. ಏಳಕ್ಕೆ ಕೆಲಸ ಶುರು, ಅಷ್ಟರೊಳಗೆ ದಿನಕ್ಕೆ ನಾಲ್ಕು ಹೊಂಡ ನೋಡಿ ಮುಗಿಸಬೇಕು. ಒಟ್ಟು ನಲವತ್ತು ಹೊಂಡಗಳಿಗೆ ಹಗ್ಗ ಕಟ್ಟಿದ್ದಾರೆ. ಹಗ್ಗಕ್ಕೆ ಇಪ್ಪತ್ತು ಮೊಳ, ಮೊಳಕ್ಕೊಂದು ಗಂಟು, ತುದಿಗೆ ಮುಚ್ಚಳ ಬಿಗಿದ ಖಾಲಿ ಡಬ್ಬಿ. ನೀರಿಗೆ ಬಿದ್ದವರ ಕಣ್ಣಿಗೆ ಬೇಗ ಬೀಳಲೆಂದು ಡಬ್ಬಿ ತೇಲುತ್ತಿರುತ್ತದೆ. ಈ ಕೆಲಸ ಮಾಡೆಂದು ಯಾರೂ ಹೇಳಿಲ್ಲ, ಶಹಬ್ಬಾಸ್ ಅಂದವರೂ ಇಲ್ಲ. "ಹೊಂಡಕ್ಕ ಹಗ್ಗ ಬಿಡೂದಂದ್ರ ಸಾವನ್ನ ಮನಿಗೆ ಕರದಂಗ" ಎಂದು ಹೊರಗೆ ಹಾಕಿದವರಿದ್ದಾರೆ. ಬಿಚ್ಚಿಕೊಂಡು ಹೋಗಿ ಎಮ್ಮೆ ಕಟ್ಟಿದ ಪುಣ್ಯಾತ್ಮರೂ ಇದ್ದಾರೆ.

"ಅವರು ಬಿಚ್ಚತಾರ, ನಾ ಕಟ್ಟತೇನಿ. ಯಾರಿಗೆ ಮೊದಲ ಬ್ಯಾಸರಾಕ್ಕೈತಿ ನೋಡೂಣು," ಅನ್ನುತ್ತಾರೆ. ಇವತ್ತು ಬೆಳಿಗ್ಗೆ ಅವರು ನಕ್ಕಿದ್ದು ಅದೊಂದೇ ಸಲ.

ಆರು ವರ್ಷದ ಹಿಂದೆ ಇವರ ಜೊತೆಗೇ ಲಿಂಬೆ ಕೀಳಲು ಬಂದಿದ್ದ ಗುಂಡವ್ವನ ಎರಡು ಮಕ್ಕಳು ತೋಟದ ಹೊಂಡಕ್ಕೆ ಇಳಿದವು. ಹೊರಗೆ ಎತ್ತಿದವರಲ್ಲಿ ಯಶೋಧಾ ಒಬ್ಬರು. ಉಸಿರಿಲ್ಲದ ಮಕ್ಕಳನ್ನು ಏರಿಯ ಮೇಲೆ ಮಲಗಿಸಿ ತಿರುಗಿ ನೋಡಿದರೆ, ಪ್ಲಾಸ್ಟಿಕ್ ಮೇಲಿನ ಪಾಚಿಯಲ್ಲಿ ಸಣ್ಣ ಬೆರಳುಗಳು ಎಳೆದ ಗೆರೆಗಳಿದ್ದವಂತೆ, ನಾಲ್ಕೂ ಬದಿಗೆ. "ತಂಗಡಗಿ ಕಡೇವ್ರಿ, ಹೊಳಿ ದಂಡಿ ಹುಡುಗೂರು. ಮೀನ ಈಸಿದಂಗ ಈಸ್ತಿದ್ದೂವು. ಈಸಾಕ ಬಂದ್ರ ಏನಾತ್ರಿ, ಹೊರಗ ಬರಾಕ ಬರಬೇಕಲ್ಲ?"

ಈಜು ಬಲ್ಲವರೂ ಮುಳುಗುತ್ತಾರೆ ಎಂಬುದು ಅವರಿಗೆ ಆವತ್ತು ಗೊತ್ತಾದದ್ದಲ್ಲ. ಹನ್ನೊಂದನೇ ವಯಸ್ಸಿಗೇ ಗೊತ್ತಾಗಿತ್ತು.

ಯಶೋಧಾ ಅವರ ತವರು ಗೊಳಸಂಗಿ. ಅಲ್ಲಿ ಊರ ಹೊರಗಿನ ಮೆಟ್ಟಿಲು ಬಾವಿಯಲ್ಲಿ ಸಿದ್ದಲಿಂಗ ಮಾಸ್ತರು ಶಾಲೆ ಬಿಟ್ಟ ಮೇಲೆ ಹುಡುಗರಿಗೆ ಈಜು ಕಲಿಸುತ್ತಿದ್ದರು. ಎಣ್ಣೆ ಡಬ್ಬದ ತಗಡು ಕತ್ತರಿಸಿ, ಬಣ್ಣ ಬಳಿದು, ಪಿನ್ನು ಬೆಸೆದು ಬಿಲ್ಲೆ ಮಾಡುತ್ತಿದ್ದರು. ಬೆನ್ನಿಗೆ ಡಬ್ಬ ಕಟ್ಟಿಕೊಂಡು ಬಾವಿ ದಾಟಿದರೆ ಬಿಳಿ, ಡಬ್ಬ ಬಿಚ್ಚಿ ದಾಟಿದರೆ ಹಳದಿ, ಗೋಡೆ ಮೆಟ್ಟಿಲು ಏನೂ ಮುಟ್ಟದೆ ಮೂರು ಸುತ್ತು ಹಾಕಿದರೆ ಕೆಂಪು. ಕೆಂಪು ಸಿಕ್ಕ ಹೆಣ್ಣುಮಗು ಯಶೋಧಾ ಒಬ್ಬಳೇ. "ಸಾಲ್ಯಾಗ ಮುಂದಿನ ಸಾಲಿನ್ಯಾಗ ಕುಂಡ್ರಸಿದ್ರಿ ನನ್ನ, ಆ ಬಿಲ್ಲಿ ಹಚ್ಚಗೊಂಡ ದಿನ. ಅದಕ್ಕಿಂತ ಮೊದ್ಲ ಯಾರೂ ಕುಂಡ್ರಸಿರಲಿಲ್ಲ."

ಕೆಂಪು ಬಿಲ್ಲೆ ಇದ್ದವರಿಗೆ ಇನ್ನೊಂದು ಕೆಲಸ. ಪರೀಕ್ಷೆಯ ಹೊತ್ತಿಗೆ ಕೆಳಗಿನ ಮೆಟ್ಟಿಲ ಮೇಲೆ ಕೂತು ಕಾಯುವುದು. ಮಾಸ್ತರು ಮೇಲೆ, ಅವರಿಗೆ ನೀರೊಳಗಿನದು ಕಾಣದು. ಈಜುವವನು ಮುಟ್ಟಿದರೆ ಕೆಳಗೆ ಕೂತವರು "ಮುಟ್ಟ್ಯಾನ್ರಿ" ಎಂದು ಕೂಗಬೇಕು. ಇಲ್ಲದಿದ್ದರೆ "ಮುಟ್ಟಿಲ್ರಿ."

ಒಂಬತ್ತು ವರ್ಷದ ತಮ್ಮ ಸುಭಾಸನ ಕೆಂಪು ಪರೀಕ್ಷೆಗೆ ಕಾದದ್ದು ಯಶೋಧಾ. ಮೂರನೇ ಸುತ್ತಿಗೆ ಹುಡುಗನಿಗೆ ಏದುಸಿರು. ನೀರೊಳಗಿನ ಮೆಟ್ಟಿಲ ಮೇಲೆ ಒಂದೇ ಒಂದು ಸಲ ಕಾಲೂರಿದ. ಊರಿ, ಅಕ್ಕನ ಮುಖ ನೋಡಿದ. ಅಕ್ಕ ಮೇಲೆ ನೋಡಿ "ಮುಟ್ಟಿಲ್ರಿ" ಎಂದು ಕೂಗಿದಳು.

ಎಂಟು ದಿನದ ನಂತರ ಸುಭಾಸ ಊರಾಚೆಯ ಕಲ್ಲಿನ ಖಣಿಗೆ ಹೋದ. ಮಳೆನೀರು ತುಂಬಿ ನಿಂತ ಖಣಿಗೆ ಕೆಂಪು ಬಿಲ್ಲೆಯವರಷ್ಟೇ ಹೋಗಬೇಕು ಅನ್ನುವುದು ಹುಡುಗರೇ ಮಾಡಿಕೊಂಡ ಕಾನೂನು. ಖಣಿಯ ಗೋಡೆ ನೆಟ್ಟಗೆ, ಕಾಲೂರಲು ಮೆಟ್ಟಿಲಿಲ್ಲ. ಮಣ್ಣು ಕೊಡುವಾಗ ಅಂಗಿಯ ಬಿಲ್ಲೆ ಬಿಚ್ಚಲು ಯಾರಿಗೂ ನೆನಪಾಗಲಿಲ್ಲ.

ಊರು ಮಾಸ್ತರ ಮೇಲೆ ತಿರುಗಿಬಿತ್ತು. ತಗಡು ಕೊಟ್ಟು ಕೂಸು ಕೊಂದವನೆಂದು ಬೈದರು. ಮಾಸ್ತರು ಉಳಿದ ಬಿಲ್ಲೆಗಳನ್ನೆಲ್ಲ ಬಾವಿಗೆ ಎಸೆದು, ವರ್ಗ ಮಾಡಿಸಿಕೊಂಡು ಮುದ್ದೇಬಿಹಾಳಕ್ಕೆ ಹೋದರು. ಮದುವೆಯಾದ ಮೇಲೆ ಯಶೋಧಾ ಒಮ್ಮೆ ಅವರ ಮನೆಗೆ ಹೋಗಿದ್ದರು, ಹೇಳಿಬಿಡಬೇಕೆಂದೇ. "ಚಾ ಕೊಟ್ರು. 'ನಾನ ಸುತ್ತ ತಪ್ಪ ಎಣಿಸಿದ್ನೇನವಾ?' ಅಂತ ಕೇಳಿದ್ರು. ಚಾ ಕುಡದು ಎದ್ದ ಬಂದ್ನಿ. ಈಗ ಅವರೂ ಇಲ್ಲ." ಅದೆಂಥ ಚಹಾ ಇದ್ದೀತು!

ಮೂವತ್ತೆಂಟು ವರ್ಷ ಯಾರಿಗೂ ಹೇಳದ ಈ ಮಾತನ್ನು ಅವರು ಮೊದಲ ಸಲ ಬಾಯಿಬಿಟ್ಟದ್ದು ಹೋದ ವಾರ, ತೋಟದ ಸಾವಕಾರ ಶ್ರೀಶೈಲಪ್ಪನವರ ಮುಂದೆ. ಶಾಲೆಗೆ ಹೋಗುವ ದಾರಿಯ ಮಗ್ಗುಲಿಗೇ ಇರುವ ಅವರ ಹೊಂಡಕ್ಕೆ ಬೇಲಿ ಇಲ್ಲ. ಎರಡು ವರ್ಷದಿಂದ ಹಗ್ಗ ಕಟ್ಟಲು ಬಿಟ್ಟಿರಲಿಲ್ಲ.

"ನಮ್ಮ ಶೈಲಶ್ರೀಗೆ ವಿಜಯಪುರದ ಈಜುಗೊಳದಾಗ ಮೂರು ಬ್ಯಾಜ್ ಬಂದಾವ. ನಮ್ಮ ಮನಿಯಾಗ ಹಗ್ಗ ಬೇಕಾಗಿಲ್ಲ," ಅಂದರು ಮೊಮ್ಮಗಳ ಅಭಿಮಾನದಲ್ಲಿ. ಆಗ ಯಶೋಧಾ ಸುಭಾಸನ ಬಿಲ್ಲೆಯ ಕಥೆ ಹೇಳಿದರು. ಸಾವಕಾರರು ಕೇಳಿ, "ಹಂಗಾರ ಅದು ನಿನ್ನ ತಪ್ಪು ಬೇ," ಅಂದರು.

"ಹೌದ್ರಿ, ನಂದ ತಪ್ಪು. ಅದಕ್ಕ ಹಗ್ಗ ತಂದೇನಿ."

ಸಾವಕಾರರು ಒಂದು ಕರಾರು ಹಾಕಿದರು. ಭಾನುವಾರ ಮೊಮ್ಮಗಳು ಬರುತ್ತಾಳೆ. ಯಶೋಧಾ ಹಗ್ಗ ಕಟ್ಟಿ, ಹುಡುಗಿಯ ಜೊತೆ ತಾವೂ ನೀರಿಗೆ ಇಳಿಯಬೇಕು. ಹುಡುಗಿ ಹಗ್ಗ ಮುಟ್ಟದೆ ಹೊರಗೆ ಬಂದರೆ ಹಗ್ಗ ಬಿಚ್ಚಿಕೊಂಡು ಹೋಗಬೇಕು, ಮುಟ್ಟಿದರೆ ಹಗ್ಗ ಅಲ್ಲೇ ಇರಲಿ.

ಇವತ್ತೇ ಆ ಭಾನುವಾರ. ಏಳೂವರೆಗೆ ನಲವತ್ತೊಂದನೇ ಹಗ್ಗ ನೀರಿಗಿಳಿದಿದೆ. ಕಣ್ಣಿನ ಆಪರೇಷನ್ ಆದ ಶ್ರೀಶೈಲಪ್ಪ ಕರಿ ಕನ್ನಡಕ ಹಾಕಿಕೊಂಡು ಬೇವಿನ ಗಿಡದ ಕೆಳಗೆ ಕೂತಿದ್ದಾರೆ, ಅಲ್ಲಿಂದ ಅವರಿಗೆ ಹೊಂಡದಲ್ಲಿ ನಡೆಯುವುದು ಕಾಣದು. ಹತ್ತು ವರ್ಷದ ಶೈಲಶ್ರೀಯ ಚೀಲದ ಮೇಲೆ ಮೂರು ಬ್ಯಾಜು ಸಾಲಾಗಿವೆ. ಯಶೋಧಾ ಸೀರೆಯ ಕಚ್ಚೆ ಬಿಗಿದು ಜೊತೆಗೇ ಇಳಿಯುತ್ತಾರೆ. ಹುಡುಗಿ ಚೆಂದ ಈಜುತ್ತಾಳೆ, ಎರಡು ಮಾತಿಲ್ಲ. ಹತ್ತಲು ಹೋಗುತ್ತಾಳೆ, ಜಾರುತ್ತಾಳೆ. ನಗುತ್ತಾಳೆ. ಮತ್ತೆ ಹತ್ತುತ್ತಾಳೆ, ಜಾರುತ್ತಾಳೆ. ಮೂರನೇ ಸಲಕ್ಕೆ ನಗು ಇಲ್ಲ. ನಾಲ್ಕನೇ ಸಲ ನೀರು ಕುಡಿದು ಕೆಮ್ಮುತ್ತಾಳೆ. ಯಶೋಧಾ ಒಂದು ಕೈ ಅವಳ ಬೆನ್ನ ಹಿಂದೆಯೇ ಇಟ್ಟಿದ್ದಾರೆ. ಐದನೇ ಸಲಕ್ಕೆ ಹುಡುಗಿಯ ಕೈ ತಾನಾಗಿ ಹಗ್ಗಕ್ಕೆ ಹೋಗುತ್ತದೆ. ಗಂಟು ಗಂಟು ಹಿಡಿದು ಏರಿಗೆ ಬಂದು ಕೂತು, ತಕ್ಷಣ ಹಗ್ಗ ಬಿಟ್ಟುಬಿಡುತ್ತಾಳೆ.

ಗಿಡದ ಕೆಳಗಿಂದ ಅಜ್ಜನ ದನಿ ಬರುತ್ತದೆ. "ಏನಾತು? ಬಂದ್ಲೇನು?"

ಶೈಲಶ್ರೀ ಯಶೋಧಾ ಅವರ ಮುಖ ನೋಡುತ್ತಾಳೆ. ಕಣ್ಣಲ್ಲಿ ನೀರು. "ಹೇಳಬ್ಯಾಡ್ರಿ ಆಂಟಿ," ಎಂದು ಪಿಸುಗುಡುತ್ತಾಳೆ.

ಯಶೋಧಾ ಅವಳ ಒದ್ದೆ ತಲೆಯ ಮೇಲೆ ಕೈ ಇಟ್ಟು, ಗಿಡದ ಕಡೆ ತಿರುಗಿ, ಇಡೀ ತೋಟಕ್ಕೆ ಕೇಳುವಂತೆ ಕೂಗುತ್ತಾರೆ:

"ಮುಟ್ಟ್ಯಾಳ್ರಿ!"